ಏಳನೇ ಮಹಡಿಯ ಹೊರಗಿನ ಬೀಗ

"ಅಣ್ಣಾ, ಮಿಷನ್ ಕೆಳಗೆ ಬೀಳ್ಸಿದ್ರೆ ನಿಮ್ಮ ಕಾಲು ಮುರೀತೀನಿ!"

ಹಾಗಂದಿದ್ದು ಟೈಲರಕ್ಕ. ನನಗಿಂತ ನಾಲ್ಕು ಮೆಟ್ಟಿಲು ಮುಂದೆ. ನನ್ನ ಹೆಗಲ ಮೇಲೆ ಅವರ ಹೊಲಿಗೆ ಮಿಷನ್. ಕೈಯಲ್ಲಿ ತಿರುಗಿಸೋದು, ಅಪ್ಪಟ ಕಬ್ಬಿಣ.

ಕೆಳಗೆ ಬೂಟಿನ ಸದ್ದು...

ಬಿಲ್ಡರ್ ಕಡೆಯವನು. ಹಗಲು ವಾಚ್‌ಮನ್, ಬೇಕಾದಾಗ ರೌಡಿ. ಕೈಯಲ್ಲಿ ಸದಾ ರಾಡು. ಹೆಸರೂ ಅದೇ, ರಾಡ್.

"ಲಿಫ್ಟ್ ಯಾಕಿಲ್ಲಕ್ಕಾ?"

"ಇದೆ. ಪೂರ್ತಿ ರೇಟ್ ಕೊಟ್ಟವರಿಗೆ!"

ನನ್ನ ಕೆಲಸ ಏನು ಅಂತೀರಾ? ಕಚೇರಿಗಳಲ್ಲಿ ಸಿಕ್ಕಿಹಾಕಿಕೊಂಡಿದ್ದನ್ನ ಬಿಡಿಸೋದು. ಇದೂ ಅಂಥದ್ದೇ. ಸರಕಾರ ಬಿಲ್ಡರ್‌ಗೆ ಜಾಗವನ್ನ ಅರ್ಧ ಬೆಲೆಗೆ ಕೊಟ್ಟಿತ್ತು. ಕರಾರು ಒಂದೇ: ಐದು ಮನೇಲಿ ಒಂದು ಬಡವರಿಗೆ. ಲಾಟರಿ ಎತ್ತಿದಾಗ ಅಕ್ಕನ ನಂಬರ್ ಬಂತು. ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಅಲೆದ ಹೆಂಗಸು!

ಆದರೆ ಒಂದು ಕೊಕ್ಕೆ ಇತ್ತು. ಇವತ್ತು ಐದು ಗಂಟೆಗೆ ತಪಾಸಣೆ ಸಾಹೇಬರು ಬರ್ತಾರೆ. ಆಗ ಮನೆಯವರು ಮನೆಯೊಳಗೆ ಇರಬೇಕು. ಇಲ್ಲದಿದ್ರೆ 'ಖಾಲಿ' ಅಂತ ಬರೀತಾರೆ. ಖಾಲಿ ಮನೆ ಬಿಲ್ಡರ್‌ಗೆ ವಾಪಸ್. ಅವನು ಮಾರ್ಕೆಟ್ ರೇಟಿಗೆ ಮಾರಿಕೊಳ್ತಾನೆ.

ನಾಲ್ಕೂವರೆ. ಏಳನೇ ಮಹಡಿ. ಒಳಗೆ ನುಗ್ಗಿದ್ವಿ. ಬಾಗಿಲು ಹಾಕಿದೆ. ಚಿಲಕಕ್ಕೆ ತಡಕಾಡಿದೆ...

ಇಲ್ಲ!

ಬಡವರ ಮನೆ ಅಂತ ಹೊರಗೆ ಮಾತ್ರ ಚಿಲಕ ಹಾಕಿಸಿದ್ದ ಪುಣ್ಯಾತ್ಮ.

ಬಾಗಿಲು ಧಡಾರ್ ಅಂತ ತೆಗೀತು. ರಾಡ್! ಏದುಸಿರು. ಮೆಟ್ಟಿಲ ಕಂಬಿಗೆ ಸಿಕ್ಕಿ ಶರ್ಟಿನ ತೋಳು ಹರಿದು ನೇತಾಡ್ತಿತ್ತು.

"ಹೊರಡಿ! ಇವತ್ತು ಈಯಮ್ಮ ಸಾಹೇಬ್ರ ಕಣ್ಣಿಗೆ ಬೀಳ್ಬಾರ್ದು ಅಂತ ಧಣಿ ಹೇಳಿದಾರೆ."

ಬಿಲ್ಡರ್ ಬರೀ ಅಷ್ಟೇ ಹೇಳಿದ್ದಾನೆ! ಸಾಹೇಬರು ಇಲ್ಲಿಗೇ ಬರೋದೂ ಹೇಳಿಲ್ಲ, ಕಾರಣಾನೂ ಹೇಳಿಲ್ಲ. ಆಳಿಗೆ ಕಾರಣ ಯಾರು ಹೇಳ್ತಾರೆ?

ನಾನು ಕೈ ಮುಗಿದೆ. "ಹೊರಡ್ತೀವಿ ತಮ್ಮಾ! ಸಾಹೇಬ್ರ ಆಫೀಸಿಗೇ ಓಡ್ಬೇಕು. ಐದಕ್ಕೆ ಮುಚ್ತಾರೆ. ಇಲ್ಲಿ ಮಾತ್ರ ಕೂಡಿಹಾಕ್ಬೇಡಪ್ಪಾ!"

ಅಕ್ಕ ನನ್ನ ಮುಖ ನೋಡಿದ್ರು. ಒಂದೇ ಕ್ಷಣ. ಆಮೇಲೆ ನೆಲಕ್ಕೆ ಕುಸಿದು, "ಅಯ್ಯೋ, ಕೂಡಿಹಾಕ್ಬೇಡಪ್ಪಾ!" ಅಂತ ಗೊಳೋ ಅಂದ್ರು. ನಾಟಕದ ಕಂಪನಿಯವರು ನಾಚಬೇಕು!

ರಾಡ್ ಹಲ್ಲು ಕಿರಿದ. ಹೊರಗೆ ಹೋದ. ಬಾಗಿಲು ಎಳೆದುಕೊಂಡ.

ಟಕ್. ಬೀಗ.

ಐದಕ್ಕೆ ಸರಿಯಾಗಿ ಚಪ್ಪಲಿ ಸದ್ದು ಬಂತು.

"ಬೀಗ ಹಾಕಿದೆ. ಖಾಲಿ," ಅಂತು ಸಾಹೇಬರ ದನಿ. ಪೆನ್ನಿನ ಮುಚ್ಚಳ ತೆಗೆದ ಸದ್ದೂ ಕೇಳಿಸ್ತು.

"ಒಳಗಿದೀವಿ ಸಾರ್!" ಅಂತ ಅಕ್ಕ ಕೂಗಿ, ಮನೆ ಮಂಜೂರಾದ ಪತ್ರವನ್ನ ಬಾಗಿಲ ಸಂದಿಯಿಂದ ತೂರಿಸಿದ್ರು.

ಪತ್ರ ಆ ಕಡೆಗೆ ಸರಿದು ಹೋಯ್ತು.

"ಈ ಬೀಗ ಯಾರು ಹಾಕಿದ್ದು?"

"ನಾನೇ ಸಾರ್," ಅಂತು ರಾಡ್‌ನ ದನಿ.

"ಒಳಗೆ ಜನ ಇದಾರೆ ಅಂತ ಗೊತ್ತಿದ್ದೂ?"

"ಗೊತ್ತಿದ್ದೇ ಸಾರ್! ನಾಲ್ಕೂವರೆಯಿಂದ ಒಳಗೇ ಇದಾರೆ. ಒಂದು ನಿಮಿಷ ಹೊರಗೆ ಬಿಟ್ಟಿಲ್ಲ, ಆಣೆಗೂ!"

ಸಾಹೇಬರು ಬರೀತಾ ಬರೀತಾ ಗಟ್ಟಿಯಾಗಿ ಓದಿದ್ರು. "ಮನೆಯವರು ಮನೆಯಲ್ಲೇ ಇದ್ದಾರೆ. ಸಾಕ್ಷಿ, ಬಿಲ್ಡರ್ ಕಡೆಯ ವಾಚ್‌ಮನ್. ಇಲ್ಲಿ ಸೈನ್ ಹಾಕಪ್ಪಾ. ಆಮೇಲೆ ಬೀಗ ತೆಗಿ."

ರಾಡ್ ಸೈನ್ ಹಾಕಿ ಬೀಗ ತೆಗೆದ. ಸಾಹೇಬರು ಮುಂದಿನ ಮನೆಗೆ ಹೋದ್ರು. ಅವನು ಹೋಗಲಿಲ್ಲ.

"ಧಣಿ ನನ್ನ ಸಾಯಿಸ್ತಾರೆ," ಅಂದ.

"ನಿನ್ನ ಮನೆ ಎಲ್ಲಪ್ಪಾ?" ಅಕ್ಕ ಕೇಳಿದ್ರು.

"ಇಲ್ಲೇ... ಹಿಂದುಗಡೆ. ತಗಡಿನ ಶೆಡ್ಡು. ಕಟ್ಟಡ ಮುಗಿದ ಮೇಲೆ ಅದನ್ನೂ ಕೀಳ್ತಾರೆ."

"ಲಾಟರಿಗೆ ಅರ್ಜಿ ಹಾಕಿದೀಯಾ?"

"ನಮ್ಮಂಥವ್ರಿಗೂ ಕೊಡ್ತಾರಾ ಅಕ್ಕಾ?"

"ನಾನೇನು ರಾಜಕುಮಾರಿ ಥರ ಕಾಣ್ತೀನಾ? ಫಾರಂ ಈ ಅಣ್ಣ ತಂದ್ಕೊಡ್ತಾರೆ. ಮೊದಲು ಶರ್ಟ್ ಬಿಚ್ಚು."

ನೆಲದ ಮೇಲೆ ಮಿಷನ್ ಇಟ್ಟು, ದಾರ ಪೋಣಿಸಿ, ಹರಿದ ತೋಳು ಹೊಲಿದುಕೊಟ್ರು. ಹೊಸ ಮನೆಯ ಮೊದಲ ಗಿರಾಕಿ ಬನಿಯನ್ನಲ್ಲಿ ಬಾಗಿಲ ಹೊರಗೇ ನಿಂತಿದ್ದ.

ಹೊಲಿಗೆ ಕೂಲಿ ಮಾತ್ರ ಅಕ್ಕ ಮಾರ್ಕೆಟ್ ರೇಟಿನಲ್ಲೇ ತಗೊಂಡ್ರು.