ಮೂರನೆಯ ಡೋಸು

ನಾಯಿ ಕಚ್ಚಿದವರಿಗೆ ಇಂಜೆಕ್ಷನ್ ಕೊಡುವ ನರ್ಸು ನಾನು, ಕಥೆ ಕಟ್ಟುವ ಪೈಕಿಯವಳಲ್ಲ. ಎರಡೇ ಡೋಸಿಗೆ ನಾಪತ್ತೆಯಾಗಿದ್ದ ಟೈಲರು ಎರಡು ತಿಂಗಳ ಮೇಲೆ, ಒಂದು ಮಟಮಟ ಮಧ್ಯಾಹ್ನ, ಕಾರ್ಡು ಹಿಡಿದು ಬಂದು ಕೂತ.

"ಸಿಸ್ಟರ್, ಮೊದಲು ಆ ನಲ್ಲಿ ನಿಲ್ಲಿಸಿ."

ಗಾಯ ತೊಳೆಯುವ ನಲ್ಲಿ ತೊಟ್ಟಿಕ್ಕುತ್ತಿತ್ತು. ಬಿಗಿ ಮಾಡಿದೆ.

"ಫ್ಯಾನೂ ಆರಿಸಿ. ಗಾಳಿ ತಡೆಯಕ್ಕಾಗಲ್ಲ."

ನೀರಿಗೂ ಗಾಳಿಗೂ ಹೆದರುವ ಹಂತಕ್ಕೆ ಬಂದವನಿಗೆ ಈ ಸೂಜಿ ಯಾವ ಕೆಲಸಕ್ಕೂ ಬಾರದು. ಆದರೂ ಕೈ ಅಭ್ಯಾಸಬಲದಿಂದ ಚುಚ್ಚಿತು. ಅವನ ತೋಳು ಫ್ರಿಜ್ಜಿನಿಂದ ತೆಗೆದ ಸೀಸೆಯಷ್ಟೇ ತಣ್ಣಗಿತ್ತು. ಕಾರ್ಡಿಗೆ ಸಹಿ ಹಾಕಿ ಡಾಕ್ಟರನ್ನು ಕರೆತರುವಷ್ಟರಲ್ಲಿ ಕುರ್ಚಿ ಖಾಲಿ.

ಮರುದಿನ ಅವನ ಅಕ್ಕ ಬಂದಳು.

"ತಮ್ಮ ತೀರಿಹೋಗಿ ಮೂರು ದಿನ ಆಯ್ತು. ಆರೈಕೆ ಮಾಡಿದವಳು ನಾನು, ನನಗೂ ಇಂಜೆಕ್ಷನ್ ಬೇಕಂತೆ. ಅವನ ಕಾರ್ಡು ನನ್ನ ಬೀರುವಲ್ಲೇ ಇತ್ತು, ನೋಡಿ."

ಮೂರನೆಯ ಸಾಲಿನಲ್ಲಿ ನಿನ್ನೆಯ ತಾರೀಕು, ನನ್ನದೇ ಸಹಿ.