ಕೋಲು ಹಿಡಿದರೆ ಇನ್ನೊಂದು ವರ್ಷ

"ಗೋಡೆ ಬಿಡು."

"ಬಿಡಲ್ಲ."

"ಒಂದು ಕೈಯಾದ್ರೂ ಬಿಡು ಮಾರಾಯ್ತಿ. ಗೋಡೆ ಎಲ್ಲೂ ಓಡಿಹೋಗಲ್ಲ."

"ನಾನೂ ಎಲ್ಲೂ ಹೋಗಲ್ಲ," ಎಂದಳು ಮರಿಸೆಲಾ. ಈಜುಕೊಳದ ಅಂಚನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬೆರಳುಗಳೆಲ್ಲ ಬೆಳ್ಳಗಾಗಿದ್ದವು.

ಆ ಮೂಲೆಯಲ್ಲಿ ನೀರು ಎದೆಮಟ್ಟಕ್ಕೂ ಇರಲಿಲ್ಲ. ಪಕ್ಕದಲ್ಲೇ ಎಪ್ಪತ್ತು ದಾಟಿದ ಕೆಮಿಸ್ಟ್ರಿ ಪ್ರೊಫೆಸರೊಬ್ಬರು ಆರಾಮಾಗಿ ಅತ್ತಿಂದಿತ್ತ ಈಜುತ್ತ, ದಾಟುವಾಗಲೆಲ್ಲ ಇವಳನ್ನು ನೋಡಿ ನಗುತ್ತಿದ್ದರು. ಅವರ ಕ್ಲಾಸಿಗೇ ಮೊದಲು ಬಂದ ಹುಡುಗಿ ಇವಳು. ಮಾನ ಹೋಗುವುದು ಅಂದರೆ ಇದೇ ಇರಬೇಕು ಎಂದುಕೊಂಡಳು.

"ಕಾಲು ನೆಲಕ್ಕೆ ತಾಗ್ತಿದೆ ತಾನೇ?" ಈಜು ಕಲಿಸುವ ಎಮೆಟ್ ಕೇಳಿದ.

"ತಾಗ್ತಿದೆ."

"ಮತ್ತೆ ಮುಳುಗೋದು ಹೇಗೆ?"

"ಅದು ನಿಂಗೆ ಗೊತ್ತಿರಬೇಕು. ಕಲಿಸೋನು ನೀನು."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಜಾಸ್ತಿ ಮುಚ್ಚುತ್ತಿತ್ತು. ಜೀವ ಕೈಯಲ್ಲಿ ಹಿಡಿದುಕೊಂಡಿರುವಾಗಲೂ ಇಂಥದ್ದೆಲ್ಲ ಕಣ್ಣಿಗೆ ಬೀಳುತ್ತದಲ್ಲ ಎಂದು ಮರಿಸೆಲಾಗೆ ತನ್ನ ಮೇಲೇ ಸಿಟ್ಟು ಬಂತು.

ಅಮೆರಿಕದ ವರ್ಮಂಟ್‌ನ ಬೆಟ್ಟದ ಮೇಲಿದ್ದ ಆ ಕಾಲೇಜಿಗೆ ಸೀಟು ಸಿಗುವುದೇ ದೊಡ್ಡ ಮಾತು. ಸಿಕ್ಕವರೆಲ್ಲ ನಾಲ್ಕು ವರ್ಷ ಓದಿ, ಆಡಿ, ಪ್ರೀತಿಸಿ, ಮುನಿಸಿಕೊಂಡು, ನಿಧಾನಕ್ಕೆ ಹೊರಗೆ ಬರುತ್ತಿದ್ದರು. ಮರಿಸೆಲಾ ಬಂದ ಮೊದಲ ವಾರವೇ ಲೆಕ್ಕ ಹಾಕಿದ್ದಳು. ಉಳಿದವರು ನಾಲ್ಕು ಕೋರ್ಸ್ ತೆಗೆದುಕೊಳ್ಳುವಾಗ ತಾನು ಆರು ತೆಗೆದುಕೊಂಡರೆ ಮೂರೇ ವರ್ಷಕ್ಕೆ ಡಿಗ್ರಿ. ಒಂದು ವರ್ಷದ ಫೀಸು ಉಳಿಯುತ್ತದೆ, ಸಾಲ ಅಷ್ಟು ಕಡಿಮೆಯಾಗುತ್ತದೆ, ಆ ಹೊತ್ತಿಗೆ ತಂಗಿ ಯೊಲಾಂಡಾಳ ಸರದಿ ಬಂದಿರುತ್ತದೆ. ನ್ಯೂ ಮೆಕ್ಸಿಕೋದ ಒಣ ಬಯಲಲ್ಲಿ ಗ್ಯಾಸ್ ಟ್ರಕ್ ಓಡಿಸುವ ಅಪ್ಪನಿಂದ ಒಂದೇ ಸಲಕ್ಕೆ ಇಬ್ಬರನ್ನು ಓದಿಸುವುದು ಆಗದ ಮಾತು.

ಅಂದುಕೊಂಡ ಹಾಗೇ ಎಲ್ಲ ಮುಗಿಸಿದ್ದಳು. ಊರಿನ ನೀರಿನ ಲ್ಯಾಬ್‌ನಲ್ಲಿ ಕೆಲಸವೂ ಕಾದಿತ್ತು. ಉಳಿದಿದ್ದು ಒಂದೇ, ಈ ಈಜಿನ ಟೆಸ್ಟು. ಆಳದ ಕಡೆಯಿಂದ ನೀರಿಗೆ ಹಾರಿ, ಗೋಡೆಗೆ ಆತು ನಿಲ್ಲದೆ, ಈ ತುದಿಯಿಂದ ಆ ತುದಿಗೆ ಮೂರು ಸಲ ಈಜಬೇಕು. ಈಜದವರಿಗೆ ಡಿಗ್ರಿ ಇಲ್ಲ. ಕೆಮಿಸ್ಟ್ರಿಗೂ ಈಜಿಗೂ ಏನು ಸಂಬಂಧ ಎಂದು ಕೇಳಬೇಡಿ. ಕೇಳಿದವರಿಗೆಲ್ಲ ಕಾಲೇಜು ಕೊಡುತ್ತಿದ್ದ ಉತ್ತರ ಒಂದೇ, ಮೊದಲಿಂದಲೂ ಹೀಗೇ. ಇವಳೋ ಪಾದ ಮುಳುಗಿದರೆ ಅದನ್ನೇ ನದಿ ಅನ್ನುವ ಊರಿನವಳು. ಮೂರು ವರ್ಷ ಈ ಟೆಸ್ಟನ್ನು ಮುಂದೂಡುತ್ತಲೇ ಬಂದಿದ್ದಳು.

ಬೇಗ ಮುಗಿಸುತ್ತಿರುವ ಸಂಗತಿಯನ್ನು ಎಮೆಟ್‌ಗೆ ಹೇಳಿರಲಿಲ್ಲ. ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಸಾಕು, "ಅಯ್ಯೋ, ಯಾಕೆ ಅವಸರ? ಈ ದಿನಗಳು ಮತ್ತೆ ಬರಲ್ಲ" ಎಂದು ಬುದ್ಧಿ ಹೇಳಲು ಶುರುಮಾಡುತ್ತಿದ್ದರು. ಹಾಗನ್ನುವವರ ಫೀಸನ್ನು ಅವರಪ್ಪ ಕಟ್ಟಿರುತ್ತಿದ್ದ.

*

ಜನವರಿಯ ಬೆಳಗುಗಳು. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಕೊಳದ ನೀರಿನಿಂದ ಏಳುವ ಹಬೆ.

"ಮಲಕ್ಕೋ," ಎನ್ನುತ್ತಿದ್ದ ಎಮೆಟ್. "ಛಾವಣಿ ನೋಡು. ನನ್ನ ಕೈ ಇದೆ."

ಬೆನ್ನಿನ ಕೆಳಗೆ ಅವನ ಅಂಗೈ. ಒಂದೇ ಅಂಗೈ, ಅದೂ ತಾಗಿಯೂ ತಾಗದ ಹಾಗೆ. ಅವಳ ಮೈಯ ಭಯವೆಲ್ಲ ಅಲ್ಲಿಗೆ ಬಂದು ಸುಮ್ಮನಾಗುತ್ತಿತ್ತು.

"ಈಗ ಏನು ಯೋಚನೆ ಮಾಡ್ತಿದೀಯ?"

"ಆ ದೀಪ ಕಳಚಿ ಬಿದ್ರೆ ನೀರಲ್ಲಿ ಕರೆಂಟ್ ಎಷ್ಟು ದೂರ ಹರಿಯುತ್ತೆ ಅಂತ."

"ದೇವರೇ. ಬೇರೆ ಹುಡುಗಿಯರು ಮೋಡ, ಹಕ್ಕಿ ಅಂತಾರೆ."

"ಬೇರೆ ಹುಡುಗಿಯರಿಗೂ ಹೀಗೇ ಕೈ ಕೊಟ್ಟು ತೇಲಿಸ್ತೀಯಾ?"

"ಇಲ್ಲ," ಎಂದ. ದನಿ ಸಣ್ಣದಾಗಿತ್ತು.

ಪಾಠ ಮುಗಿದು ಹೊರಬಿದ್ದರೆ ಅವಳ ಒದ್ದೆ ಕೂದಲು ಚಳಿಗೆ ಕಡ್ಡಿಕಡ್ಡಿಯಾಗುತ್ತಿತ್ತು. ಮೂರನೇ ದಿನವೇ ಅವನು ತನ್ನ ಉಣ್ಣೆ ಟೋಪಿ ತೆಗೆದು ಅವಳ ತಲೆಗೆ ಹಾಕಿ, ಕಿವಿ ಮುಚ್ಚುವ ತನಕ ಎಳೆದಿದ್ದ. ಅವರಮ್ಮ ಹೆಣೆದದ್ದಂತೆ. ವಾಪಸ್ ಕೊಡಲು ಹೋದರೆ, "ನಿನ್ನ ತಲೆಗೇ ಸರಿ. ಆ ತಲೇಲಿ ಏನೋ ಇದೆ, ಕಾಪಾಡಬೇಕು," ಎಂದ.

ಆಮೇಲೆ ಇಬ್ಬರೂ ಮೆಸ್ಸಿಗೆ. ಮೊಟ್ಟೆಯ ಮೇಲೆ ಅವಳು ಊರಿಂದ ಬಂದ ಕೆಂಪು ಮೆಣಸಿನ ಪುಡಿ ಸುರಿದುಕೊಳ್ಳುತ್ತಿದ್ದಳು. ಒಮ್ಮೆ ಅವನೂ ಕೈ ಒಡ್ಡಿ, ಒಂದು ತುತ್ತಿಗೇ ಕಣ್ಣಲ್ಲಿ ಧಾರಾಕಾರ ನೀರು.

"ಇದನ್ನ ಮಕ್ಕಳೂ ತಿಂತಾರಾ?"

"ನಮ್ಮಲ್ಲಿ ಹಲ್ಲು ಬಂದ್ರೆ ಸಾಕು."

ಅವನು ಮೇನ್ ರಾಜ್ಯದ ಕರಾವಳಿಯವನು, ದೊಡ್ಡ ಸೀಗಡಿಯಂಥ ಲಾಬ್‌ಸ್ಟರ್ ಹಿಡಿಯುವ ಮನೆ. "ನಮ್ಮಪ್ಪ ಇಷ್ಟು ವರ್ಷದಿಂದ ದೋಣೀಲೇ ಇದಾನೆ. ಅವನಿಗೂ ಈಜು ಬರಲ್ಲ," ಎಂದಾಗ ಅವಳು ನಂಬಲಿಲ್ಲ. "ನಿಜ ಕಣೇ. ಅಲ್ಲಿ ನೀರು ಎಷ್ಟು ತಣ್ಣಗೆ ಅಂದ್ರೆ, ಬಿದ್ದೋನು ಈಜಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಂತಾರೆ. ನಂಗೆ ಆ ಮಾತು ಕೇಳೋಕಾಗ್ಲಿಲ್ಲ, ಅದಕ್ಕೇ ಕಲಿತೆ. ತೇಲೋದು ಬಂದ್ರೆ ಯಾರಾದ್ರೂ ಬರೋ ತನಕ ಉಸಿರಿರುತ್ತೆ."

ಫೆಬ್ರವರಿ ಕಳೆಯಿತು. ಮಾರ್ಚ್ ಬಂತು. ಆಗಲೂ ತೇಲುವ ಪಾಠವೇ. ಎಲ್ಲದಕ್ಕೂ ಲೆಕ್ಕ ಹಾಕುವ ಹುಡುಗಿ ಇದೊಂದಕ್ಕೆ ಲೆಕ್ಕ ಹಾಕಲಿಲ್ಲ. ಹಾಕುವ ಮನಸ್ಸಿರಲಿಲ್ಲ ಅನ್ನಿ.

*

ಟೆಸ್ಟು ತೆಗೆದುಕೊಳ್ಳುವವರು ಕೋಚ್ ಬರ್ನಿಸ್. ಕೊರಳಲ್ಲಿ ಸೀಟಿ ಹಾಕಿಕೊಂಡು, ಮಲಗುವಾಗಲೂ ತೆಗೆಯುವುದಿಲ್ಲವೇನೋ ಅನ್ನಿಸುವ ಹೆಂಗಸು. ಮಾರ್ಚ್ ಕೊನೆಗೆ ಒಂದು ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವರಿಗೆ ಮರಿಸೆಲಾ ಸಿಕ್ಕಿದಳು.

"ಇನ್ನೂ ತೇಲ್ತಾನೇ ಇದೀಯಾ ಮಗು? ನನ್ನ ಮೊಮ್ಮಕ್ಕಳಿಗೆ ಮೂರು ವಾರದಲ್ಲಿ ಈಜು ಬಂತು. ಇರಲಿ, ನಿಂಗೇನು ಅವಸರ. ಸೆಪ್ಟೆಂಬರಲ್ಲಿ ಟೆಸ್ಟ್ ಕೊಡ್ತಾಳೆ ಅಂದ ಎಮೆಟ್."

ಮರಿಸೆಲಾ ಅವರತ್ತ ತಿರುಗಿದಳು. "ಮೇ ತಿಂಗಳಲ್ಲಿ ಟೆಸ್ಟ್ ಇಲ್ವಾ?"

"ಏಪ್ರಿಲ್ ಕೊನೆಗೆ ಕೊಳ ಖಾಲಿ ಮಾಡಿ ರಿಪೇರಿಗೆ ಬಿಡ್ತಾರಲ್ಲ. ಅದಕ್ಕೆ ಮುಂಚಿನ ಶನಿವಾರವೇ ಈ ವರ್ಷದ್ದು ಕೊನೇದು."

ಡಿಗ್ರಿ ಕೊಡುವುದು ವರ್ಷಕ್ಕೊಂದೇ ಸಲ, ಮೇ ತಿಂಗಳಲ್ಲಿ. ತಪ್ಪಿದರೆ ಮತ್ತೆ ಹೆಸರು ಬರೆಸಬೇಕು, ಇನ್ನೊಂದು ವರ್ಷದ ಫೀಸು ಕಟ್ಟಬೇಕು. ಮೂರು ವರ್ಷ ನಿದ್ದೆಗೆಟ್ಟು ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಕೊಳದ ದಡದಲ್ಲಿ ಟವೆಲ್ ಮಡಿಸುತ್ತಿದ್ದ ಎಮೆಟ್‌ನ ಎದುರಿಗೆ ಹೋಗಿ ನಿಂತಳು. "ಸೆಪ್ಟೆಂಬರ್ ಅಂತ ಹೇಳೋಕೆ ನೀನ್ಯಾರು?"

"ಯಾಕೆ? ನಿಂಗಿನ್ನೂ ಒಂದು ವರ್ಷ ಇದೆಯಲ್ಲ, ನನ್ನ ಹಾಗೆ."

"ಇಲ್ಲ. ನಾನು ಈ ಮೇ ತಿಂಗಳು ಮುಗಿಸ್ತಿದೀನಿ. ಮುಗಿಸ್ಲೇಬೇಕು. ನಾನು ಹೊರಗೆ ಬಂದ್ರೇನೇ ನನ್ನ ತಂಗಿ ಕಾಲೇಜಿಗೆ ಹೋಗೋದು." ಬಚ್ಚಿಟ್ಟಿದ್ದೆಲ್ಲ ಒಂದೇ ಉಸಿರಿಗೆ ಹೊರಬಂತು.

ಅವನ ಮುಖ ಬಿಳಿಚಿಕೊಂಡಿತು. "ನೀನು ಹೇಳ್ಲೇ ಇಲ್ಲ."

"ನೀನು ಕೇಳ್ಲೇ ಇಲ್ಲ. ನಿಜ ಹೇಳು, ನಂಗೆ ತೇಲೋಕೆ ಬಂದು ಎಷ್ಟು ದಿನ ಆಯ್ತು?"

ಅವನು ಕೈಯಲ್ಲಿದ್ದ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಸಿದ. "ಎರಡನೇ ವಾರಕ್ಕೇ ಬಂದಿತ್ತು."

"ಮತ್ತೆ ಆ ಕೈ?"

"ಆ ಕೈ ಸುಮ್ನೆ." ತಲೆ ಎತ್ತಲಿಲ್ಲ. "ಈಜು ಬಂದ್ರೆ ನೀನು ಇಲ್ಲಿಗೆ ಯಾಕೆ ಬರ್ತೀಯ ಅಂತ."

ಬೇರೆ ಯಾವ ದಿನ ಈ ಮಾತು ಕೇಳಿದ್ದರೂ ಅವಳು ಖುಷಿಯಿಂದ ಕುಣಿಯುತ್ತಿದ್ದಳು. ಅವತ್ತು ಅವಳಿಗೆ ಬಂದದ್ದು ಅಳು. ಉಣ್ಣೆ ಟೋಪಿಯನ್ನು ಬೆಂಚಿನ ಮೇಲಿಟ್ಟು, ಹಿಂದಿರುಗಿ ನೋಡದೆ ಹೊರಟುಹೋದಳು.

ಕೋಣೆಗೆ ಹೋಗಿ ತಂಗಿ ಯೊಲಾಂಡಾಗೆ ಫೋನ್ ಮಾಡಿ ಎಲ್ಲ ಹೇಳಿದಳು. "ಪರವಾಗಿಲ್ಲ ಅಕ್ಕ. ನಾನು ಒಂದು ವರ್ಷ ಟೈರ್ ಅಂಗಡೀಲಿ ಕೆಲಸ ಮಾಡ್ತೀನಿ. ಕಾಲೇಜು ಎಲ್ಲಿ ಹೋಗುತ್ತೆ." ಆ 'ಪರವಾಗಿಲ್ಲ'ದ ಹಿಂದೆ ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ, ಮಾತು ಬದಲಿಸಲೆಂದೇ ಇರಬೇಕು, "ಅದಿರ್ಲಿ, ಆ ಹುಡುಗ ನೋಡೋಕೆ ಹೇಗಿದಾನೆ?" ಎಂದಳು.

"ಸುಮ್ನಿರೇ," ಎಂದಳು ಅಕ್ಕ, ಅಳುತ್ತಲೇ ನಗುತ್ತ.

ಮರುದಿನ ಬೆಳಗ್ಗೆ ಕೊಳಕ್ಕೆ ಹೋದಳು. ಎಮೆಟ್ ಆಗಲೇ ನೀರಿನಲ್ಲಿ ನಿಂತಿದ್ದ. ಟೋಪಿ ಅದೇ ಬೆಂಚಿನ ಮೇಲಿತ್ತು.

"ಸರಿಯಾಗಿ ಕಲಿಸ್ತೀಯಾ?"

"ಕಲಿಸ್ತೀನಿ."

"ಕೈ ಕೊಡಬಾರದು."

"ಕೊಡಲ್ಲ." ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅದನ್ನು ನೋಡಿ ಅವಳಿಗೆ ಸಿಟ್ಟು ಅರ್ಧ ಇಳಿದುಹೋಯಿತು. ಹಾಗಂತ ತೋರಿಸಿಕೊಳ್ಳಲಿಲ್ಲ.

ಅಲ್ಲಿಂದ ಅವನು ಯಮನೇ ಆಗಿಬಿಟ್ಟ. ದಿನವೂ ಪಾಠ. ಕಾಲು ಬಡಿ, ಉಸಿರು ಬಿಡು, ಮತ್ತೆ, ಇನ್ನೊಂದು ಸಲ. ನಗು ಇಲ್ಲ, ಕೀಟಲೆ ಇಲ್ಲ. ಅವಳಿಗೆ ಒಂದೊಂದು ಗಜ ಜಾಸ್ತಿ ಈಜು ಬಂದಾಗಲೂ ಅವನ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು, ಅದರ ಹಿಂದೆಯೇ ಇನ್ನೇನೋ. ತನ್ನನ್ನು ಬಿಟ್ಟು ಹೊರಡುವುದನ್ನು ಅವನೇ ಅವಳಿಗೆ ಕಲಿಸುತ್ತಿದ್ದಾನೆ ಎಂದು ಅವಳಿಗೆ ಅರ್ಥವಾಗುತ್ತಿತ್ತು. ಅರ್ಥವಾದಷ್ಟೂ ಅವನು ಇಷ್ಟವಾಗುತ್ತಿದ್ದ. ಇದೇನು ಕರ್ಮ ಎಂದುಕೊಂಡು ಮತ್ತೆ ಕಾಲು ಬಡಿಯುತ್ತಿದ್ದಳು.

*

ಶನಿವಾರ. ಕೋಚ್ ಬರ್ನಿಸ್ ದಡದಲ್ಲಿ ನಿಂತು ನಿಯಮ ಹೇಳಿದರು. "ಗೋಡೆ ಮುಟ್ಟಿ ತಿರುಗಬಹುದು, ಹಿಡ್ಕೊಂಡು ನಿಲ್ಲೋ ಹಾಗಿಲ್ಲ. ಎಮೆಟ್ ಕೋಲು ಹಿಡ್ಕೊಂಡು ಪಕ್ಕದಲ್ಲೇ ನಡೀತಾನೆ. ಆಗಲ್ಲ ಅನ್ನಿಸಿದ್ರೆ ಕೋಲು ಹಿಡಿ, ಎಳ್ಕೋತಾನೆ. ಹಿಡಿದ್ರೆ ಟೆಸ್ಟ್ ಮುಗೀತು, ಇನ್ನು ಸೆಪ್ಟೆಂಬರೇ."

ಹಾರಿದಳು. ಮೊದಲ ಸಲ ಆ ತುದಿ ಮುಟ್ಟಿದ್ದೇ ಗೊತ್ತಾಗಲಿಲ್ಲ. ಎರಡನೆಯದು ಕಷ್ಟವಾಯಿತು, ಆದರೂ ಆಯಿತು. ಮೂರನೆಯದರ ನಡುವೆ, ಆಳದ ಕಡೆ, ಉಸಿರು ತಪ್ಪಿ ಮೂಗಿಗೆ ನೀರು ನುಗ್ಗಿತು. ಕೆಮ್ಮಿದಳು. ಬಾಯಿಗೂ ನೀರು. ಕಾಲು ಚಾಚಿದರೆ ಕೆಳಗೆ ಏನೂ ಇಲ್ಲ.

ಕೋಲಿನ ಬಾಗಿದ ತುದಿ ಮುಖದ ಎದುರಿಗೇ ಇತ್ತು. ಬೆರಳು ಚಾಚಿದರೆ ಸಿಗುವಷ್ಟು ಹತ್ತಿರ.

ಹಿಡಿದುಬಿಡಬಹುದು. ಯಾರೂ ಬೈಯುವುದಿಲ್ಲ. ಇನ್ನೊಂದು ವರ್ಷ. ಇನ್ನೊಂದು ಚಳಿಗಾಲ, ಅದೇ ಮೆಸ್ಸು, ಅದೇ ಎಡಗಣ್ಣಿನ ನಗು. ತನ್ನ ತಪ್ಪೇ ಇಲ್ಲದ ಹಾಗೆ ಉಳಿದುಬಿಡಬಹುದು. ಆ ಆಸೆ ಎಷ್ಟು ಜೋರಾಗಿ ಬಂದಿತ್ತು ಎಂದು ಆಮೇಲೆ ನೆನೆದಾಗ ಅವಳಿಗೇ ಹೆದರಿಕೆಯಾಯಿತು. ಕೈ ಮೇಲೆತ್ತಿದಳು.

ದಡದ ಮೇಲೆ ಎಮೆಟ್‌ನ ಮುಖ ಕಂಡಿತು. ಅವನಿಗೂ ಅದೇ ಆಸೆ. ಮುಚ್ಚಿಡಲು ಬಾರದ ಮುಖ ಅವನದು.

ಅವನು ಕೋಲನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ.

"ಛಾವಣಿ ನೋಡು," ಎಂದ, ಎಂದಿನ ದನಿಯಲ್ಲಿ.

ಮೈ ತಾನಾಗಿ ಹೊರಳಿತು. ಆ ಪಾಠವೊಂದನ್ನು ಬೇಕಾದ್ದಕ್ಕಿಂತ ಹತ್ತು ಪಾಲು ಜಾಸ್ತಿ ಕಲಿಸಿದ್ದನಲ್ಲ ಆ ಕಳ್ಳ. ಕಿವಿಯಲ್ಲಿ ನೀರು ತುಂಬಿ ಎಲ್ಲ ಸದ್ದೂ ದೂರವಾಯಿತು. ಛಾವಣಿಯ ದೀಪ ಕಂಡಿತು. ಬೆನ್ನ ಕೆಳಗೆ ಕೈ ಇರಲಿಲ್ಲ, ಆದರೂ ಆ ಜಾಗ ಬೆಚ್ಚಗಿತ್ತು. ಕೆಮ್ಮು ನಿಂತಿತು. ಉಸಿರು ಬಂತು. ಮೆಲ್ಲಗೆ ಕಾಲು ಬಡಿದಳು, ಬಡಿಯುತ್ತಲೇ ಹೋದಳು. ಕೊನೆಗೆ ತಲೆ ಗೋಡೆಗೆ ತಾಗಿತು.

"ಮಧ್ಯದಲ್ಲಿ ತೇಲಿದೆ," ಎಂದಳು ಏದುಸಿರಿನಲ್ಲಿ, ಕೋಚ್ ಮುಖ ನೋಡುತ್ತ. "ಅದು ನಿಂತ ಲೆಕ್ಕಾನಾ?"

"ಗೋಡೆ ಹಿಡಿದು ನಿಲ್ಲಬಾರದು ಅಂದೆ. ತೇಲಬಾರದು ಅಂತ ಯಾರಂದ್ರು?" ಬರ್ನಿಸ್ ಇಬ್ಬರನ್ನೂ ಒಮ್ಮೆ ನೋಡಿದರು. "ಪಾಸು ಕಣಮ್ಮ. ಆ ಹುಡುಗನ ಕೈಯಿಂದ ಯಾರಾದ್ರೂ ಆ ಕೋಲು ಇಸ್ಕೊಳ್ಳಿ, ಬೀಳಿಸ್ತಾನೆ," ಎಂದು ಮುಂದಿನವರ ಕಡೆ ನಡೆದರು.

ಎಮೆಟ್ ಬಟ್ಟೆ ಒದ್ದೆಯಾಗುವುದನ್ನೂ ನೋಡದೆ ದಡದಲ್ಲಿ ಕೂತುಬಿಟ್ಟ.

"ಕೋಲು ಯಾಕೆ ಹಿಂದೆ ತಗೊಂಡೆ?" ನೀರಿನಲ್ಲಿ ನಿಂತೇ ಕೇಳಿದಳು. "ನಾನು ಮುಳುಗಿದ್ರೆ?"

"ಮುಳುಗೋಕೆ ಬಿಡ್ತಿದ್ನಾ? ನಾನೇ ಹಾರ್ತಿದ್ದೆ. ನಿಂಗೆ ತೇಲೋದು ಬರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ನೀರು ನೋಡುತ್ತ ಹೇಳಿದ, "ನೀನು ಹಿಡಿದಿದ್ರೆ ನಂಗೆ ತುಂಬ ಖುಷಿ ಆಗ್ತಿತ್ತು. ಆ ಖುಷಿ ನಂಗೆ ಬೇಡ ಅನ್ನಿಸ್ತು."

ಮರಿಸೆಲಾ ಅವನ ಒದ್ದೆ ಪ್ಯಾಂಟಿನ ಮೊಣಕಾಲಿಗೆ ಹಣೆ ಆನಿಸಿದಳು. "ನಾನೂ ಹಿಡೀಬೇಕು ಅಂತಿದ್ದೆ," ಎಂದಳು. "ಪ್ರೀತಿಸ್ತೀನಿ ಅಂತ ಹೇಳೋ ಧೈರ್ಯ ಇಲ್ದೆ ಕೋಲು ಹಿಡಿಯೋಕೆ ಹೊರಟಿದ್ದೆ. ಈಗ ಹೇಳ್ತಿದೀನಿ ನೋಡು."

ಅವನು ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟ. ಈ ಸಲ ಪೂರ್ತಿ ಅಂಗೈ.

"ಬೇಸಿಗೇಲಿ ಏನ್ಮಾಡ್ತೀಯ?" ತಲೆ ಎತ್ತಿ ಕೇಳಿದಳು.

"ಗೊತ್ತಿಲ್ಲ. ಯಾಕೆ?"

"ನಮ್ಮೂರ ಮುನಿಸಿಪಾಲಿಟಿ ಕೊಳಕ್ಕೆ ಪ್ರತಿ ವರ್ಷ ಲೈಫ್‌ಗಾರ್ಡ್ ಸಿಗಲ್ಲ ಅಂತ ಒದ್ದಾಡ್ತಾರೆ. ನಮ್ಮ ಯೊಲಾಂಡಾಗೂ ಈಜು ಬರಲ್ಲ. ಅವಳ ಕಾಲೇಜಲ್ಲೂ ಇಂಥದ್ದೇ ಏನಾದ್ರೂ ಇದ್ರೆ ಕಷ್ಟ. ಅವಳಿಗೆ ಎಷ್ಟು ದಿನದಲ್ಲಿ ಕಲಿಸ್ತೀಯ?"

"ನಿನ್ನ ತಂಗಿಗಾ? ಮೂರು ವಾರ ಸಾಕು."

"ನಂಗೆ ಮೂರು ತಿಂಗಳು ತಗೊಂಡೆ."

"ನಿಂಗೆ ಇನ್ನೂ ಒಂದು ವರ್ಷ ತಗೋಬೇಕು ಅಂತಿದ್ದೆ," ಎಂದ ಎಮೆಟ್. ಎಡಗಣ್ಣು ಮೆಲ್ಲಗೆ ಮುಚ್ಚುತ್ತ ಬಂತು. "ನೀನೇ ಅವಸರದವಳು."