ಜಗ್ಗಿ ಕೊಯ್ದ ಪೈಪು

ಸೋಮವಾರ ಮಧ್ಯಾಹ್ನ ಎರಡೂವರೆಗೆ ಉಪ್ಪಲ್ ಕಡೆಯ ಠಾಣೆಗೆ ಬಂಡೆಮ್ಮ ದೂರು ತಂದಳು. ಗಣೇಶ ವಿಸರ್ಜನೆಯ ನಂತರ ಕೆರೆಯ ತಳದಲ್ಲಿ ಉಳಿದ ಹಗ್ಗ, ತಂತಿ ತೆಗೆಯಲು ಇಳಿದಿದ್ದ ಅವಳ ಗಂಡ ದ್ಯಾವಪ್ಪ ಹೆಣವಾಗಿ ಮೇಲೆ ಬಂದಿದ್ದ. ತಂತಿಯಲ್ಲಿ ಕಾಲು ಸಿಕ್ಕಿತ್ತು. ದೋಣಿಯ ಯಂತ್ರದಿಂದ ಅವನಿಗೆ ಗಾಳಿ ಒಯ್ಯುವ ಪೈಪು ನಡುವೆ ತುಂಡಾಗಿತ್ತು. ಇನ್‌ಸ್ಪೆಕ್ಟರ್ ಮಹೇಶಕುಮಾರ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಸ್ನೇಹಲತಾಳೊಂದಿಗೆ ಕೆರೆಗೆ ಹೋದರು. ತೆಲುಗು ನಾಡಾದರೂ, ಮುಳುಗುವ ಕೂಲಿಯವರಂತೆ ಇಬ್ಬರ ಮನೆಮಾತೂ ಕನ್ನಡ.

ಪೈಪು ಕೊಯ್ದವನನ್ನು ಹುಡುಕಬೇಕಾದ ಕಷ್ಟವೇ ಇರಲಿಲ್ಲ. ಜೊತೆಗೆ ಮುಳುಗಿದ್ದ ಚನ್ನು ತಾನಾಗಿಯೇ ಚಾಕು ಮುಂದಿಟ್ಟ.

"ಕೆಳಗ ಕಣ್ಣ ಕಾಣಂಗಿಲ್ರಿ ಸಾಹೇಬ್ರ. ಹಗ್ಗ ಅಂತ ತಿಳದು ಕೊಯ್ದೆ. ತಪ್ಪಾತು."

ಒಂದು ಕಡೆ ನುಣುಪು ಅಲಗು, ಇನ್ನೊಂದು ಕಡೆ ಗರಗಸದ ಹಲ್ಲು, ತುದಿ ಮೊಂಡು. ಪಂಚನಾಮೆ ಬರೆಯುತ್ತಿದ್ದ ಸ್ನೇಹಲತಾ ತಲೆ ಎತ್ತಿದಳು.

"ಸರ್, ಇದನ್ನ ಆಯುಧ ಅಂತ ಬರೀಲೋ, ಸಲಕರಣಿ ಅಂತೋ?"

ಮುಳುಗುವವನ ಕಾಲಿಗೆ ಕಟ್ಟಿರುವ ಚಾಕು ಅವನ ಜೀವ ಉಳಿಸುವ ವಸ್ತು. ಬಲೆಯೋ ಹಗ್ಗವೋ ಸುತ್ತಿಕೊಂಡರೆ ಅದೇ ಗತಿ. ಆಯುಧವೆಂದು ಬರೆದರೆ ಕೈತಪ್ಪಿದ ಕೂಲಿಯವನೊಬ್ಬ ಕೊಲೆಗಾರನಾದಾನು. ಸಲಕರಣೆಯೆಂದರೆ ದ್ಯಾವಪ್ಪನ ಸಾವು ಆಕಸ್ಮಿಕವೆಂದು ಮುಚ್ಚಿಹೋದೀತು. ಮಹೇಶಕುಮಾರರಿಗೆ ಎರಡೂ ಸಂಕಟವೇ.

"ಸದ್ಯ ಚಾಕು ಅಂತಷ್ಟ ಬರಿ," ಎಂದರು.

ದೋಣಿಯಲ್ಲಿ ದ್ಯಾವಪ್ಪನ ಪೈಪು ಹಿಡಿದು ಕೂತಿದ್ದವನು ಕಲ್ಲೇಶ. ಅವನನ್ನು ಪಕ್ಕಕ್ಕೆ ಕರೆದರು.

"ಪೈಪ್ ತುಂಡಾಗೂದಕ್ಕಿಂತ ಮದಲ ಏನಾತು?"

"ಕೆಳಗಿಂದ ಎರಡ ಸಲ ಜಗ್ಗಿದ್ರಿ. ನಾನೂ ತಿರುಗಿ ಎರಡ ಸಲ ಜಗ್ಗಿದ್ನಿ."

"ಹಂಗಂದ್ರ?"

"ಕತ್ತಲ ನೀರಾಗ ಏನ ಕೊಯ್ಯೂದಿದ್ರೂ ಮದಲ ಜಗ್ಗಿ ನೋಡ್ತೀವ್ರಿ. ಮ್ಯಾಲಿಂದ ಉತ್ತರ ಬಂತಂದ್ರ ಅದು ಮನಷ್ಯಾನ ಪೈಪು. ಬಿಟ್ಟಬಿಡಬೇಕು."

"ದ್ಯಾವಪ್ಪನೇ ಜಗ್ಗಿರಬಹುದಲ್ಲ?"

"ತನ್ನ ಪೈಪ್ ಯಾರದಂತ ತಾನ್ಯಾಕ ಕೇಳ್ತಾನ್ರಿ? ಮ್ಯಾಲ ಬರೂದಿದ್ರ ಒಂದೇ ಸಮ ಜಗ್ಗತಾರ."

ಮಹೇಶಕುಮಾರ ಚನ್ನುವಿನ ಎದುರು ಬಂದು ಕೂತರು.

"ಕೊಯ್ಯೂ ಮದಲ ಜಗ್ಗಿ ನೋಡಿದೇನು?"

"ನೋಡಿದ್ನಿರಿ. ನೋಡದ ಹ್ಯಾಂಗ ಕೊಯ್ಯೂದು?"

"ಕಲ್ಲೇಶ ತಿರುಗಿ ಜಗ್ಗಿದ್ನಂತ."

ಚನ್ನು ಕಾಲಿಗೆ ಕಟ್ಟಿದ್ದ ಚಾಕುವಿನ ಪಟ್ಟಿ ಬಿಚ್ಚಿ ಅದನ್ನೂ ಮುಂದಿಟ್ಟ. ಕೊಲ್ಲಲು ಹೊರಟಾಗಲೂ ಅವನ ಕೈ ತನ್ನ ರೂಢಿ ಬಿಟ್ಟಿರಲಿಲ್ಲ. ಉತ್ತರ ಬಂದ ಮೇಲೂ ಕೊಯ್ದ ಆ ಚಾಕುವನ್ನು ಮಹೇಶಕುಮಾರ ಆಯುಧವೆಂದೇ ಬರೆಸಿದರು. ಸಂಜೆ ಚನ್ನುವಿನ ಬಂಧನವಾಯಿತು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಕಳೆದ ವರ್ಷ ಅವನ ತಂಗಿ ಕಾವ್ಯಾ ಕಲ್ಲುಕ್ವಾರಿಯ ನೀರಿಗೆ ಜಾರಿಬಿದ್ದಾಗ ಮೊದಲು ಹಾರಿದವನು ದ್ಯಾವಪ್ಪನೇ. ಸಿಗಲಿಲ್ಲ ಎಂದು ಮೇಲೆ ಬಂದಿದ್ದ. ನಿಜ ಸಂಗತಿಯನ್ನು ಹಿಂದಿನ ದಿನ ಭಾನುವಾರ, ತಡೆಯಲಾರದೆ, ಚನ್ನುವಿನ ಬಳಿ ಹೇಳಿಕೊಂಡಿದ್ದ.

"ಆಕಿ ಅವನ ಕೈ ಹಿಡದಿದ್ಲಂತ್ರಿ. ತನ್ನೂ ಎಳಕೋತಾಳಂತ ಅಂಜಿ ಕೈ ಝಾಡಿಸಿ ಬಂದನಂತ. ನನ್ನ ತಂಗಿಗೆ ಆಗ ಇನ್ನೂ ಜೀವ ಇತ್ರಿ, ಸಾಹೇಬ್ರ."

ಹೊರಗೆ ಬೆಂಚಿನ ಮೇಲಿದ್ದ ಬಂಡೆಮ್ಮನಿಗೆ ಇದನ್ನು ಹೇಳುವ ಕೆಲಸ ಸ್ನೇಹಲತಾಳ ಪಾಲಿಗೆ ಬಂತು. ಹೇಳುವಷ್ಟರಲ್ಲಿ ಅವಳಿಗೇ ಅಳು ಬಂತು.

"ವರ್ಷಾತ್ರಿ ಮೇಡಂ, ನಮ್ಮನಿಯವ್ರು ನಿದ್ದಿಯೊಳಗ ಕೈ ಝಾಡಿಸತಿದ್ರು," ಎಂದಳು ಬಂಡೆಮ್ಮ. "ಥಂಡಿ ನೀರಿನ ಕೆಲಸ, ನರ ಹಿಡದಾವಂತ ತಿಳದು ನಾ ದಿನಾ ಎಣ್ಣಿ ತಿಕ್ಕತಿದ್ನಿ."